ಭಾಜ್ಯತೆ ಮತ್ತು ಅಪವರ್ತ್ಯಗಳು: ಘಟಪ್ರಭೆಯ ದಂಡೆಯ ಲೆಕ್ಕಗಳು

ಒಂದು ಪೂರ್ಣಾಂಕವನ್ನು ಇನ್ನೊಂದು ಪೂರ್ಣಾಂಕದಿಂದ ಭಾಗಿಸಿದಾಗ ಶೇಷವೇನೂ ಉಳಿಯದಿದ್ದರೆ ಮೊದಲನೆಯದು ಎರಡನೆಯದರ ಅಪವರ್ತ್ಯವೆಂದೂ, ಎರಡನೆಯದು ಮೊದಲನೆಯದರ ಅಪವರ್ತನವೆಂದೂ, ಇವೆರಡರ ಈ ಸಂಬಂಧವು ಭಾಜ್ಯತೆಯೆಂದೂ ಕರೆಯಲ್ಪಡುತ್ತವೆ. ದನ, ದಿನ, ಹಣ್ಣು, ನಾಣ್ಯ, ಜನರ ತಲೆ ಮೊದಲಾಗಿ ಯಾವ ವಸ್ತುಗಳನ್ನು ಒಡೆದು ಎಣಿಸಲು ಬಾರದೋ ಅವುಗಳ ಪ್ರಶ್ನೆಗಳೆಲ್ಲ ಕಡೆಗೆ ಈ ಸಂಬಂಧದಲ್ಲಿಯೇ ಬಂದು ನಿಲ್ಲುತ್ತವೆ. ಅಂಥ ಪ್ರಶ್ನೆಗಳಲ್ಲಿ ಉಳಿಯುವ ಶೇಷವನ್ನು ನಾವು ಸಾಮಾನ್ಯವಾಗಿ ಲೆಕ್ಕದ ಕಸವೆಂದು ಬಗೆದು ಅಂಚಿಗೆ ತಳ್ಳುತ್ತೇವಾದರೂ, ಉತ್ತರದ ಬೀಜವಿರುವುದು ಬಹುಮಟ್ಟಿಗೆ ಆ ಶೇಷದಲ್ಲಿಯೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಲದ ಅಳತೆ, ನೀರಿನ ಪಾಳಿ ಮತ್ತು ಶಿಲಾಶಾಸನಗಳಲ್ಲಿ ಈ ಮಾತಿಗೆ ಬೇಕಾದ ನಿದರ್ಶನಗಳು ದೊರೆಯುವುದರಿಂದ, ವಿಷಯವನ್ನು ಆ ನೆಲದ ಮೇಲೆಯೇ ನಿಂತು ವಿವರಿಸುವುದು ಉಚಿತವೆಂದು ತೋರುತ್ತದೆ.

ಈ ಮೂರು ತಾಲ್ಲೂಕುಗಳನ್ನೊಳಗೊಂಡ ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರುವವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಅಲ್ಲಿಯ ಭೂಮಾಪನವೂ ಮುಂಬಯಿಯ ಪದ್ಧತಿಯನ್ನೇ ಅನುಸರಿಸಿತು. ಮೂವತ್ತುಮೂರು ಅಡಿ ಉದ್ದದ ಸರಪಳಿಯ ಚೌಕವು ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಗುಂಟೆಗೆ ಹದಿನಾರು ಆಣೆ. ಈಗ ಒಂದೇ ಎಕರೆ ಹೊಲವುಳ್ಳ ತಂದೆಯ ಮೂವರು ಗಂಡುಮಕ್ಕಳು ಬೇರೆಯಾಗುವ ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಎಕರೆಗೆ 640 ಆಣೆ. ಆರು, ನಾಲ್ಕು, ಸೊನ್ನೆ ಕೂಡಿದರೆ ಹತ್ತು. ಹತ್ತನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆದುದರಿಂದ 640ನ್ನು ಭಾಗಿಸಿದರೂ ಒಂದೇ ಉಳಿಯುವುದೆಂದು ಭಾಗಾಕಾರಕ್ಕೆ ಕೈಯಿಕ್ಕದೆಯೇ ಹೇಳಬಹುದು. ಒಬ್ಬೊಬ್ಬನಿಗೆ 213 ಆಣೆ, ಎಂದರೆ ಹದಿಮೂರು ಗುಂಟೆ ಐದಾಣೆ, ಬಂದ ಮೇಲೆ ಒಂದಾಣೆ ನೆಲ ಯಾರ ಪಾಲಿಗೂ ಸೇರದೆ ಬದುವಿನ ಮೂಲೆಯಲ್ಲಿ ಉಳಿಯುತ್ತದೆ. ಅದು ಎಂಟೂಕಾಲು ಅಡಿಯ ಚೌಕ. ಒಂದು ಜೋಡಿ ಎತ್ತು ಕಟ್ಟುವಷ್ಟು ಜಾಗ. ಅಷ್ಟಕ್ಕಾಗಿಯೇ ಮನಸ್ತಾಪಗಳು ಹುಟ್ಟಬಲ್ಲವೆಂಬುದನ್ನು ಒಕ್ಕಲುತನ ಬಲ್ಲವರಿಗೆ ಹೇಳಬೇಕಾಗಿಲ್ಲ.

ಅದೇ ಎಕರೆಯನ್ನು ಚದರ ಗಜಗಳಲ್ಲಿ ಅಳೆದರೆ 4840. ಅಂಕಿಗಳ ಮೊತ್ತ ಹದಿನಾರು. ಮೂರರಿಂದ ಭಾಗಿಸಿದರೆ ಇಲ್ಲಿಯೂ ಒಂದು ಉಳಿಯುತ್ತದೆ. ಆದರೆ ಚದರಡಿಗಳಲ್ಲಿ ಅಳೆದರೆ 43,560, ಅಂಕಿಗಳ ಮೊತ್ತ ಹದಿನೆಂಟು, ಶೇಷವೇ ಇಲ್ಲ! ಒಬ್ಬೊಬ್ಬನಿಗೆ 14,520 ಚದರಡಿ ಸರಿಯಾಗಿ ಸಲ್ಲುತ್ತದೆ. ಹೊಲ ಅದೇ, ಅಣ್ಣತಮ್ಮಂದಿರೂ ಅವರೇ, ಬದಲಾದುದು ಮಾನವೊಂದೇ. ಒಂದು ಚದರ ಗಜದಲ್ಲಿ ಒಂಬತ್ತು ಚದರಡಿಗಳಿರುವುದರಿಂದ, ಉಳಿದ ಒಂದು ಗಜವು ಮೂರು ಮೂರು ಅಡಿಗಳಾಗಿ ಒಡೆದು ಮೂವರಲ್ಲಿಯೂ ಹಂಚಿಹೋಯಿತು. ಪೂರ್ಣಾಂಕದ ಪ್ರಶ್ನೆಯನ್ನು ಬಿಡಿಸುವವನು ಮೊತ್ತಮೊದಲು ಕೇಳಿಕೊಳ್ಳಬೇಕಾದುದು ಇದನ್ನೇ: ಇಲ್ಲಿ ಒಡೆಯಬಾರದ ಅತ್ಯಲ್ಪ ಮಾನ ಯಾವುದು?

ಅಂಕಿಗಳನ್ನು ಕೂಡಿ ನೋಡುವ ಈ ಉಪಾಯವನ್ನು ಶಾಲೆಯ ಮಕ್ಕಳು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ಅದರ ಕಾರಣವನ್ನು ಮಾತ್ರ ಅವರಿಗೆ ಹೇಳುವವರು ವಿರಳ. ಇದು ನಿಜಕ್ಕೂ ದುಃಖದ ಸಂಗತಿ, ಏತಕ್ಕೆಂದರೆ ಕಾರಣವು ನಿಯಮಕ್ಕಿಂತಲೂ ಸುಲಭವಾದುದು. ಹತ್ತೆಂದರೆ ಒಂಬತ್ತರ ಮೇಲೊಂದು. ನೂರೆಂದರೆ ತೊಂಬತ್ತೊಂಬತ್ತರ ಮೇಲೊಂದು. ಸಾವಿರವೆಂದರೆ ಒಂಬೈನೂರ ತೊಂಬತ್ತೊಂಬತ್ತರ ಮೇಲೊಂದು. ಯಾವ ಸಂಖ್ಯೆಯಲ್ಲಿಯೇ ಆಗಲಿ, ಪ್ರತಿಯೊಂದು ಅಂಕಿಯ ಸ್ಥಾನಬೆಲೆಯಿಂದ ಒಂಬತ್ತುಗಳ ರಾಶಿಯನ್ನು ತೆಗೆದಿಟ್ಟರೆ ಉಳಿಯುವುದು ಬರಿಯ ಆ ಅಂಕಿ. ತೆಗೆದಿಟ್ಟ ರಾಶಿಯು ಒಂಬತ್ತಕ್ಕೂ ಮೂರಕ್ಕೂ ಭಾಜ್ಯವೇ ಆಗಿರುವುದರಿಂದ, ತೀರ್ಪು ಕೊಡುವ ಕೆಲಸ ಉಳಿದ ಅಂಕಿಗಳ ಮೊತ್ತಕ್ಕೆ ಬಿಟ್ಟದ್ದು. ಹನ್ನೊಂದರ ನಿಯಮವೂ ಇದರ ಒಡಹುಟ್ಟೇ. ಹತ್ತು ಹನ್ನೊಂದಕ್ಕಿಂತ ಒಂದು ಕಡಿಮೆ, ನೂರು ತೊಂಬತ್ತೊಂಬತ್ತಕ್ಕಿಂತ ಒಂದು ಹೆಚ್ಚು, ಸಾವಿರವು ಸಾವಿರದ ಒಂದಕ್ಕಿಂತ ಒಂದು ಕಡಿಮೆ; ಹೀಗೆ ಹೆಚ್ಚು ಕಡಿಮೆಗಳು ಸರದಿಯಾಗಿ ಬರುವ ಕಾರಣ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆಯಬೇಕು. ಎಕರೆಯ 43,560ನ್ನೇ ಪರೀಕ್ಷಿಸಿದರೆ ನಾಲ್ಕರಲ್ಲಿ ಮೂರು ಹೋಗಿ ಒಂದು, ಐದು ಸೇರಿ ಆರು, ಆರು ಹೋಗಿ ಸೊನ್ನೆ. ಆ ಸಂಖ್ಯೆ ಹನ್ನೊಂದಕ್ಕೆ ಭಾಜ್ಯವಾಗಲೇಬೇಕು, ಏಕೆಂದರೆ ಅದರ ಒಡಲಲ್ಲಿ ಮೂವತ್ತುಮೂರಡಿಯ ಸರಪಳಿ ಎರಡು ಸಾರಿ ಅಡಗಿದೆ. ಮೋಜಣಿದಾರನ ಸರಪಳಿಯ ಗುರುತು ಅಂಕಿಗಳ ನಡುವೆ ಹೀಗೆ ಉಳಿದುಕೊಂಡಿರುವುದು ನೋಡಲು ಸೊಗಸಾಗಿದೆ.

ಉಳಿದ ನಿಯಮಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಎರಡಕ್ಕೂ ಐದಕ್ಕೂ ಕೊನೆಯ ಒಂದು ಅಂಕಿಯನ್ನು, ನಾಲ್ಕಕ್ಕೆ ಕೊನೆಯ ಎರಡನ್ನು, ಎಂಟಕ್ಕೆ ಕೊನೆಯ ಮೂರನ್ನು ನೋಡುವುದು ವಾಡಿಕೆ. ಏಳಕ್ಕೆ ಕೊನೆಯ ಅಂಕಿಯನ್ನು ಇಮ್ಮಡಿಸಿ ಉಳಿದ ಭಾಗದಿಂದ ಕಳೆಯಬೇಕು. 322ರಲ್ಲಿ ಮೂವತ್ತೆರಡರಿಂದ ನಾಲ್ಕು ಕಳೆದರೆ ಇಪ್ಪತ್ತೆಂಟು, ಆದುದರಿಂದ ಅದು ಭಾಜ್ಯ. ಏಳು, ಹನ್ನೊಂದು, ಹದಿಮೂರರ ಗುಣಲಬ್ಧ ಸರಿಯಾಗಿ 1001 ಆಗುವುದರಿಂದ, ದೊಡ್ಡ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಮುರಿದು ಸರದಿಯಂತೆ ಕೂಡಿ ಕಳೆದರೆ ಈ ಮೂರಕ್ಕೂ ಏಕಕಾಲಕ್ಕೆ ಪರೀಕ್ಷೆ ನಡೆಯುತ್ತದೆ. ಒಂದು ಎಚ್ಚರಿಕೆ ಅವಶ್ಯ: ಎರಡಕ್ಕೂ ಮೂರಕ್ಕೂ ಭಾಜ್ಯವಾದುದು ಆರಕ್ಕೆ ಭಾಜ್ಯವೆಂಬುದು ದಿಟವಾದರೂ, ನಾಲ್ಕಕ್ಕೂ ಆರಕ್ಕೂ ಭಾಜ್ಯವಾದುದು ಇಪ್ಪತ್ನಾಲ್ಕಕ್ಕೆ ಭಾಜ್ಯವೆಂದು ಹೇಳುವಂತಿಲ್ಲ, ಹನ್ನೆರಡೇ ಅದಕ್ಕೆ ಪ್ರತಿಸಾಕ್ಷಿ. ಎರಡು ಭಾಜಕಗಳಿಗೆ ಒಂದರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದಿದ್ದಾಗ ಮಾತ್ರ ಅವುಗಳ ಪರೀಕ್ಷೆಗಳನ್ನು ಜೋಡಿಸಬಹುದು.

ಹಳೆಯ ನಾಣ್ಯಪದ್ಧತಿಯಲ್ಲಿ ಒಂದು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಒಟ್ಟು 192 ಪೈ. ಎರಡು, ಮೂರು, ನಾಲ್ಕು, ಆರು, ಎಂಟು, ಹನ್ನೆರಡು, ಹದಿನಾರು ಎಲ್ಲವೂ ಅದನ್ನು ನಿಶ್ಶೇಷವಾಗಿ ಭಾಗಿಸುತ್ತಿದ್ದುದರಿಂದ, ಸಂತೆಯಲ್ಲಿ ಮೂವರು ಕೂಡಿ ಕೊಂಡ ಒಂದು ರೂಪಾಯಿಯ ವಸ್ತುವಿನ ಬೆಲೆಯು ಒಬ್ಬೊಬ್ಬನಿಗೆ ಐದಾಣೆ ನಾಲ್ಕು ಪೈಯಂತೆ ತಕರಾರಿಲ್ಲದೆ ಹಂಚಿಹೋಗುತ್ತಿತ್ತು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂದು ರೂಪಾಯಿಗೆ ನೂರು ಪೈಸೆಯಾದ ಮೇಲೆ ಬರೆವಣಿಗೆಯ ಲೆಕ್ಕ ಹಗುರಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೂಪಾಯಿಯ ಮೂರರ ಪಾಲಿನಲ್ಲಿ ಒಂದು ಪೈಸೆ ಸದಾ ಉಳಿಯತೊಡಗಿತು. ದೀಡಕಿ, ಸವ್ವಾಯಿ, ಅಡೀಚಕಿ ಎಂಬ ಒಂದೂವರೆ, ಒಂದೂಕಾಲು, ಎರಡೂವರೆಯ ಮಗ್ಗಿಗಳನ್ನು ಉರು ಹೊಡೆದ ಹಿರಿಯರು ಹಳೆಯ ಪದ್ಧತಿಯನ್ನು ನೆನೆಯುವುದು ಬರಿಯ ಹಳೆಯದರ ಮೋಹದಿಂದಲ್ಲ, ಹೆಚ್ಚು ಅಪವರ್ತನಗಳುಳ್ಳ ಸಂಖ್ಯೆಯಿಂದ ಅವರಿಗೆ ನಿಜವಾದ ಉಪಕಾರವಿತ್ತು.

ಇನ್ನು ಅಪವರ್ತ್ಯಗಳ ವಿಚಾರ. ಎರಡು ಸಂಖ್ಯೆಗಳ ಅಪವರ್ತ್ಯಗಳೆರಡೂ ಮೊದಲ ಸಲ ಕೂಡುವ ಸ್ಥಾನವೇ ಲಘುತಮ ಸಾಮಾನ್ಯ ಅಪವರ್ತ್ಯ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ಸಿಕ್ಕ ಘಟಪ್ರಭೆಯ ನೀರು ಕೆಳಗಿಳಿದು, ಗೋಕಾಕದ ಹತ್ತಿರದ ಧೂಪದಾಳದ ಒಡ್ಡಿನಿಂದ ಕಾಲುವೆಗೆ ತಿರುಗುತ್ತದಷ್ಟೆ. ಕಾಲುವೆಯ ನೀರೆಂದರೆ ಪಾಳಿ, ಪಾಳಿಯೆಂದರೆ ಅಪವರ್ತ್ಯದ ಲೆಕ್ಕ. ಒಬ್ಬ ರೈತನಿಗೆ ಕಾಲುವೆಯ ಪಾಳಿ ಹನ್ನೆರಡು ದಿನಕ್ಕೊಮ್ಮೆ, ಏತದ ನೀರಿನ ಪಾಳಿ ಎಂಟು ದಿನಕ್ಕೊಮ್ಮೆ ಬರುವುದೆಂದು ಭಾವಿಸೋಣ. ಹನ್ನೆರಡು ಮತ್ತು ಎಂಟರ ಲಘುತಮ ಅಪವರ್ತ್ಯ ಇಪ್ಪತ್ನಾಲ್ಕಾದುದರಿಂದ ಎರಡು ಪಾಳಿಗಳೂ ಇಪ್ಪತ್ನಾಲ್ಕು ದಿನಕ್ಕೊಮ್ಮೆ ಒಂದೇ ದಿನ ಬೀಳುತ್ತವೆಂದು ಅವಸರದಲ್ಲಿ ಹೇಳಿಬಿಡುವವರುಂಟು. ಅದು ಅರೆಸತ್ಯ. ಕಾಲುವೆಯ ಪಾಳಿ ತಿಂಗಳ ಮೊದಲನೆಯ ದಿನವೂ ಏತದ ಪಾಳಿ ಐದನೆಯ ದಿನವೂ ಆರಂಭವಾದರೆ ಎರಡೂ ಹದಿಮೂರನೆಯ ದಿನ ಕೂಡುತ್ತವೆ, ಮುಂದೆ ಇಪ್ಪತ್ನಾಲ್ಕು ದಿನಕ್ಕೊಮ್ಮೆ ಕೂಡುತ್ತಲೇ ಇರುತ್ತವೆ. ಏತದ ಪಾಳಿ ನಾಲ್ಕನೆಯ ದಿನ ಆರಂಭವಾದರೆ ಅವು ಎಷ್ಟು ವರ್ಷ ಕಳೆದರೂ ಕೂಡುವುದಿಲ್ಲ. ಹನ್ನೆರಡು ಮತ್ತು ಎಂಟರ ಮಹತ್ತಮ ಸಾಮಾನ್ಯ ಅಪವರ್ತನ ನಾಲ್ಕು. ಆರಂಭದ ದಿನಗಳ ಅಂತರವು ಆ ನಾಲ್ಕಕ್ಕೆ ಭಾಜ್ಯವಾಗಿದ್ದರೆ ಮಾತ್ರ ಸಂಗಮ, ಇಲ್ಲದಿದ್ದರೆ ಇಲ್ಲ. ಒಂದೇ ದಿನ ಎರಡು ನೀರು ಬಂದರೆ ಒಂದು ವ್ಯರ್ಥವಾಗುವ ರೈತನಿಗಂತೂ ಕೂಡದಿರುವ ಪಾಳಿಯೇ ಲಾಭದ್ದು. ವಾರದ ಸಂತೆಯ ಮಾತು ಬೇರೆ. ಏಳಕ್ಕೂ ಹನ್ನೆರಡಕ್ಕೂ ಒಂದರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲವಾದುದರಿಂದ, ಆರಂಭ ಎಂದೇ ಆಗಿರಲಿ, ಎಂಬತ್ತುನಾಲ್ಕು ದಿನಗಳಲ್ಲಿ ಒಮ್ಮೆ ನೀರಿನ ಪಾಳಿಯು ಸಂತೆಯ ದಿನವೇ ಬಂದು ರೈತನನ್ನು ಸಂಕಟಕ್ಕೆ ಸಿಕ್ಕಿಸದೆ ಬಿಡದು.

ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ ‘ನಿರುದ್ಧ’ವೆಂಬ ಹೆಸರಿಟ್ಟು ಭಿನ್ನರಾಶಿಗಳನ್ನು ಕೂಡಿಸಲು ಅದನ್ನು ಸ್ಪಷ್ಟವಾಗಿ ವಿಧಿಸಿದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಕನ್ನಡ ನಾಡಿನ ಈ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಆ ಗ್ರಂಥದ ಒಂದು ಪ್ರಶ್ನೆಯು ಪ್ರಕೃತ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ಸಮನಾದ ಅರುವತ್ತಮೂರು ಬಾಳೆಹಣ್ಣಿನ ರಾಶಿಗಳನ್ನೂ ಬಿಡಿಯಾದ ಏಳು ಹಣ್ಣುಗಳನ್ನೂ ಇಪ್ಪತ್ತಮೂವರು ಪಥಿಕರು ಸಮವಾಗಿ ಹಂಚಿಕೊಂಡರೆ ರಾಶಿಯೊಂದರಲ್ಲಿ ಎಷ್ಟು ಹಣ್ಣು? ಇದಕ್ಕೆ ಆಚಾರ್ಯನು ಹೇಳಿದ ಮಾರ್ಗ ‘ವಲ್ಲಿಕಾ ಕುಟ್ಟೀಕಾರ’. ಭಾಗಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆದು ಕೆಳಗಿನಿಂದ ಮೇಲಕ್ಕೆ ಏರುವ ಕ್ರಮ. ಕ್ರಿ. ಶ. 499ರಲ್ಲಿ ಆರ್ಯಭಟನು ಸೂತ್ರರೂಪದಲ್ಲಿ ಕೊಟ್ಟ ಕುಟ್ಟಕವೆಂಬ ವಿಧಾನದ ಸಂತಾನವೇ ಇದು.

ಭಾಜ್ಯತೆಯ ದೃಷ್ಟಿಯಿಂದ ನೋಡಿದರೆ ಇದೇ ಪ್ರಶ್ನೆ ಇನ್ನೂ ಹತ್ತಿರದ ದಾರಿಯಿಂದ ಬಿಚ್ಚಿಕೊಳ್ಳುತ್ತದೆ. ಅರುವತ್ತಮೂರು ಏಳರ ಅಪವರ್ತ್ಯ, ಬಿಡಿಹಣ್ಣುಗಳೂ ಏಳು. ಆದುದರಿಂದ ರಾಶಿಗಳ ಗಾತ್ರ ಎಷ್ಟೇ ಇರಲಿ, ಒಟ್ಟು ಹಣ್ಣುಗಳು ಏಳಕ್ಕೆ ಭಾಜ್ಯ. ಇಪ್ಪತ್ತಮೂರು ಏಳಕ್ಕೆ ಭಾಜ್ಯವಲ್ಲ. ಹಾಗಾದರೆ ಒಬ್ಬೊಬ್ಬ ಪಥಿಕನ ಪಾಲೇ ಏಳರ ಅಪವರ್ತ್ಯವಾಗಿರಲೇಬೇಕು. ಈಗ ಎಲ್ಲವನ್ನೂ ಏಳರಿಂದ ತಗ್ಗಿಸಿದರೆ, ರಾಶಿಯ ಹಣ್ಣುಗಳ ಒಂಬತ್ತು ಪಟ್ಟಿಗೆ ಒಂದು ಕೂಡಿದರೆ ಇಪ್ಪತ್ತಮೂರರ ಒಂದು ಅಪವರ್ತ್ಯ ಸಿಕ್ಕಬೇಕೆಂಬಷ್ಟಕ್ಕೆ ಪ್ರಶ್ನೆ ಇಳಿಯಿತು. ಇಪ್ಪತ್ತಮೂರರಲ್ಲಿ ಒಂದು ಕಳೆದರೆ ಇಪ್ಪತ್ತೆರಡು, ಒಂಬತ್ತಕ್ಕೆ ಸಲ್ಲದು. ನಲವತ್ತಾರರಲ್ಲಿ ಒಂದು ಕಳೆದರೆ ನಲವತ್ತೈದು, ಸಂದಿತು. ರಾಶಿಯೊಂದಕ್ಕೆ ಐದು ಹಣ್ಣು, ಪಥಿಕನೊಬ್ಬನಿಗೆ ಹದಿನಾಲ್ಕು, ಒಟ್ಟು 322. ಮುಂದಿನ ಉತ್ತರ ಬೇಕಾದರೆ ರಾಶಿಗೆ ಇಪ್ಪತ್ತಮೂರನ್ನೂ ಪಾಲಿಗೆ ಅರುವತ್ತಮೂರನ್ನೂ ಕೂಡಿಸಿಕೊಂಡು ಹೋಗಬಹುದು: ಇಪ್ಪತ್ತೆಂಟು ಮತ್ತು ಎಪ್ಪತ್ತೇಳು. ಉತ್ತರಗಳು ಅನಂತವಾದರೂ ಒಂದೊಂದೂ ತನ್ನ ನಿಯತ ಹೆಜ್ಜೆಯಲ್ಲಿಯೇ ಬರುತ್ತದೆ.

ಮಹಾವೀರನು ಸಂಖ್ಯೆಗಳನ್ನು ಪ್ರೀತಿಸಿದವನು. 152207ನ್ನು 73ರಿಂದ ಗುಣಿಸಿ ಎಂಟು ಒಂದುಗಳನ್ನೂ, 139ನ್ನು 109ರಿಂದ ಗುಣಿಸಿ 15151ನ್ನೂ ಪಡೆದು, ಎರಡು ಕಡೆಯಿಂದಲೂ ಒಂದೇ ತೆರನಾಗಿ ಓದಲ್ಪಡುವ ಇಂಥ ಸಂಖ್ಯೆಗಳನ್ನು ಅವನು ಕಂಠಿಕೆಗಳೆಂದು, ಎಂದರೆ ಕೊರಳ ಹಾರಗಳೆಂದು, ಕರೆದಿದ್ದಾನೆ. ಎಪ್ಪತ್ತಮೂರು ಮತ್ತು ನೂರ ಮೂವತ್ತೇಳರ ಗುಣಲಬ್ಧ 10001 ಎಂಬುದನ್ನು ಅರಿತವರಿಗೆ ಮೊದಲ ಹಾರದ ದಾರ ಕಾಣಿಸುತ್ತದೆ: 1111ನ್ನು 10001ರಿಂದ ಗುಣಿಸಿದರೆ ಎಂಟು ಒಂದುಗಳು ತಾವಾಗಿ ಸಾಲುಗಟ್ಟುತ್ತವೆ.

ಹಲವು ಭಾಜಕಗಳಿಗೆ ಹಲವು ಶೇಷಗಳನ್ನು ಕೊಟ್ಟು ಸಂಖ್ಯೆಯನ್ನು ಕೇಳುವ ಪ್ರಶ್ನೆಗಳು ಏಷ್ಯದಲ್ಲೆಲ್ಲ ಪ್ರಾಚೀನವಾದವು. ಚೀನದ ಸುನ್‌ಜಿಯ ಗ್ರಂಥದಲ್ಲಿ ಮೂರರಿಂದ ಎರಡು, ಐದರಿಂದ ಮೂರು, ಏಳರಿಂದ ಎರಡು ಉಳಿಯುವ ಸಂಖ್ಯೆ ಇಪ್ಪತ್ತಮೂರು. ಮೊದಲನೆಯ ಭಾಸ್ಕರನ ಆರ್ಯಭಟೀಯ ಭಾಷ್ಯದಲ್ಲಿ ಎಂಟರಿಂದ ಐದು, ಒಂಬತ್ತರಿಂದ ನಾಲ್ಕು, ಏಳರಿಂದ ಒಂದು ಉಳಿಯುವ ಸಂಖ್ಯೆ ಎಂಬತ್ತೈದು. ಗೋಕಾಕದ ಬಣ್ಣದ ಕಟ್ಟಿಗೆಯ ಹಣ್ಣುಗಳನ್ನು ಬುಟ್ಟಿಗೆ ನಾಲ್ಕರಂತೆ ಇಟ್ಟರೆ ಮೂರು, ಐದರಂತೆ ಇಟ್ಟರೆ ನಾಲ್ಕು, ಆರರಂತೆ ಇಟ್ಟರೆ ಐದು ಮಿಕ್ಕು, ಏಳರಂತೆ ಇಟ್ಟರೆ ಏನೂ ಮಿಗದಿದ್ದರೆ ಹಣ್ಣುಗಳೆಷ್ಟು? ಮೊದಲ ಮೂರು ಸಲವೂ ಒಂದೇ ಒಂದು ಹಣ್ಣು ಕೊರತೆಯಾಗಿದೆ. ಒಂದು ಕೂಡಿಸಿದರೆ ನಾಲ್ಕು, ಐದು, ಆರು, ಈ ಮೂರಕ್ಕೂ ಭಾಜ್ಯ. ಅವುಗಳ ನಿರುದ್ಧ ಅರುವತ್ತು. ಐವತ್ತೊಂಬತ್ತು ಏಳಕ್ಕೆ ಸಲ್ಲದು, ನೂರಹತ್ತೊಂಬತ್ತು ಸಲ್ಲುತ್ತದೆ. ಶೇಷಗಳನ್ನು ಮಿಕ್ಕಿದ್ದೆಂದು ನೋಡದೆ ಕೊರೆಯೆಂದು ನೋಡಿದೊಡನೆ ತೊಡಕು ಬಿಚ್ಚಿತು. ಯೂರೋಪಿನಲ್ಲಿ ಗೌಸ್ ಮಹಾಶಯನು 1801ರ ತನ್ನ ಗ್ರಂಥದಲ್ಲಿ ಶೇಷಸಮತೆಯ ಸಂಕೇತವನ್ನು ಸ್ಥಾಪಿಸಿದ ಮೇಲೆ ಇಂಥ ವಿಚಾರಗಳಿಗೆಲ್ಲ ಒಂದು ಶಾಸ್ತ್ರದ ಚೌಕಟ್ಟು ಲಭಿಸಿತು.

ಕನ್ನಡದಲ್ಲಿಯೇ ಗಣಿತವನ್ನು ಬರೆದ ಮೊದಲಿಗನೆಂದು ಪ್ರಸಿದ್ಧನಾದ ರಾಜಾದಿತ್ಯನು ಈ ಸೀಮೆಯ ನೆರೆಯವನೆಂಬುದು ಇಲ್ಲಿಯ ಜನ ಅಭಿಮಾನಪಡಬೇಕಾದ ವಿಷಯ. ಹನ್ನೆರಡನೆಯ ಶತಮಾನದ ಈ ಜೈನ ಕವಿಯ ಊರು ಕೂಂಡಿಮಂಡಲದ ಪೂವಿನಬಾಗೆ. ಅದನ್ನು ಹುಕ್ಕೇರಿಗೂ ಮೂಡಲಗಿಗೂ ನೆರೆಯಾದ ಇಂದಿನ ರಾಯಬಾಗವೆಂದು ಗುರುತಿಸುತ್ತಾರೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳಲ್ಲಿ ಅವನು ಸೂತ್ರವನ್ನೂ ಉದಾಹರಣೆಯನ್ನೂ ಗದ್ಯಪದ್ಯಗಳಲ್ಲಿ ಹೆಣೆದು, ಸಂಸ್ಕೃತ ಬಾರದ ವ್ಯವಹಾರಿಗೂ ಗಣಿತವನ್ನು ತಂದುಕೊಟ್ಟನು. ಅವನ ನಾಡಾದ ಕೂಂಡಿ ಮೂರುಸಾವಿರವನ್ನು ಮೊದಲು ಸವದತ್ತಿಯಿಂದಲೂ ಆಮೇಲೆ ವೇಣುಗ್ರಾಮವೆಂಬ ಬೆಳಗಾವಿಯಿಂದಲೂ ಆಳಿದವರು ರಟ್ಟರು.

ಆ ರಟ್ಟರ ಕಾಲದ ಒಂದು ಶಾಸನ ಇಂದಿನ ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಲ್ಲಿದೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಈ ಊರಿನ ಹಳೆಯ ಹೆಸರು ಕಲ್ಪೊಳೆ. ಜೆ. ಎಫ್. ಫ್ಲೀಟ್ ಅವರು ಪ್ರಕಟಿಸಿದ ಈ ಶಾಸನವು ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯದು. ಅದರ ಕಾಲ ಶಕ 1127, ರಕ್ತಾಕ್ಷಿ ಸಂವತ್ಸರ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ ಅರುವತ್ತು. ಗತಿಸಿದ ಶಕವರ್ಷಕ್ಕೆ ಹನ್ನೆರಡು ಕೂಡಿಸಿ ಅರುವತ್ತರಿಂದ ಭಾಗಿಸಿದರೆ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ, ಸೊನ್ನೆ ಉಳಿದರೆ ಅರುವತ್ತನೆಯದು. ಶಕ 1947ಕ್ಕೆ ಹನ್ನೆರಡು ಕೂಡಿಸಿದರೆ 1959, ಶೇಷ ಮೂವತ್ತೊಂಬತ್ತು, ವಿಶ್ವಾವಸು. ಪಂಚಾಂಗದಲ್ಲಿಯೂ ಅದೇ ಇದೆ. ಅದೇ ಕ್ರಮದಿಂದ 1127ಕ್ಕೆ ಹನ್ನೆರಡು ಕೂಡಿಸಿದರೆ 1139, ಶೇಷ ಐವತ್ತೊಂಬತ್ತು. ಐವತ್ತೊಂಬತ್ತನೆಯದು ಕ್ರೋಧನ, ರಕ್ತಾಕ್ಷಿಯಲ್ಲ.

ಹಾಗಾದರೆ ಶಾಸನ ಬರೆದವನು ತಪ್ಪಿದನೆ? ಶೇಷವು ಒಂದರಿಂದ ಮಾತ್ರ ಹೆಚ್ಚಿದೆ, ಮತ್ತು ಆ ಒಂದೇ ಕೀಲಿಕೈ. ಅವನು ಬರೆದುದು ಗತಿಸಿದ ವರ್ಷವನ್ನಲ್ಲ, ನಡೆಯುತ್ತಿದ್ದ ವರ್ಷವನ್ನು. ಗತಿಸಿದುದು 1126, ಹನ್ನೆರಡು ಕೂಡಿಸಿದರೆ 1138, ಅರುವತ್ತರ ಹದಿನೆಂಟು ಪಟ್ಟು, ಎಂದರೆ 1080, ಹೋಗಿ ಉಳಿದುದು ಐವತ್ತೆಂಟು, ಅದೇ ರಕ್ತಾಕ್ಷಿ. ಶಾಸನದ ಕಾಲ ಕ್ರಿ. ಶ. 1204-05ಕ್ಕೆ ಸರಿಹೋಗುತ್ತದೆ. ಒಂದು ವೇಳೆ ಕಲ್ಲು ಸವೆದು ಶಕವರ್ಷದ ಅಂಕಿಗಳು ಅಳಿಸಿಹೋಗಿ, ಸಂವತ್ಸರದ ಹೆಸರೂ ಅರಸನ ಹೆಸರೂ ಮಾತ್ರ ಉಳಿದಿದ್ದರೂ ಕಾಲನಿರ್ಣಯ ಅಸಾಧ್ಯವಾಗುತ್ತಿರಲಿಲ್ಲ. ರಕ್ತಾಕ್ಷಿಯು ಬರಬೇಕಾದರೆ ಗತಶಕವನ್ನು ಅರುವತ್ತರಿಂದ ಭಾಗಿಸಿದಾಗ ನಲವತ್ತಾರು ಉಳಿಯಬೇಕು. ಅಂಥ ವರ್ಷಗಳು 1066, 1126, 1186. ಮೊದಲನೆಯದು ಕ್ರಿ. ಶ. 1144, ಕೊನೆಯದು 1264. ನಾಲ್ಕನೆಯ ಕಾರ್ತವೀರ್ಯನು ಆಳಿದುದು ಹದಿಮೂರನೆಯ ಶತಮಾನದ ಆರಂಭದಲ್ಲಿ. ಯಾವ ಅರಸನೂ ಅರುವತ್ತು ವರ್ಷ ಆಳುವುದು ಅಪರೂಪವಾದುದರಿಂದ, ಒಬ್ಬನ ಆಳ್ವಿಕೆಯಲ್ಲಿ ಒಂದು ಸಂವತ್ಸರವು ಎರಡು ಸಲ ಬರುವ ಸಂಭವ ಬಹಳ ಕಡಿಮೆ. ಮೂರರಲ್ಲಿ ನಡುವಿನದೊಂದೇ ಕಲ್ಲೋಳಿಯ ಕಲ್ಲಿಗೆ ಸಲ್ಲುತ್ತದೆ.